ಬಣ್ಣ ಹೊಸದು, ಕಿಡಿ ಎಲ್ಲಿ? ರೆಸ್ಟೋರ್ ಆದ ಹಳೆ ಬೈಕಿನ ದೋಷ ಹಿಡಿಯುವ ಬಗೆ

ಚಾಸಿಗೆ ಪೌಡರ್ ಕೋಟಿಂಗ್ ಆಗಿದೆ, ರಿಮ್ಮುಗಳು ಹೊಳೆಯುತ್ತಿವೆ, ಎಂಜಿನ್‌ಗೆ ಹೊಸ ಪಿಸ್ಟನ್, ಹೊಸ ವೈರಿಂಗ್. ನಲವತ್ತು ಸಲ ಕಿಕ್ ಹೊಡೆದರೂ ಒಂದು ಸದ್ದಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರ ಕೈ ಹೋಗುವುದು ಕಾರ್ಬುರೇಟರ್ ಕಡೆಗೆ. ಅದನ್ನು ನಾಲ್ಕು ಸಲ ಬಿಚ್ಚಿ ಕಟ್ಟಿದ ಮೇಲೆ ಗೊತ್ತಾಗುತ್ತದೆ, ಬರದೇ ಇದ್ದದ್ದು ಕರೆಂಟು. ಬಿಚ್ಚುವ ಮುಂಚೆ ಹೇಗೋ ಓಡುತ್ತಿದ್ದ ಬೈಕು ಕಟ್ಟಿದ ಮೇಲೆ ಓಡದಿದ್ದರೆ, ದೋಷ ನಮ್ಮ ಕೈ ಆಡಿದ ಜಾಗದಲ್ಲೇ ಇರುವ ಸಾಧ್ಯತೆ ಹೆಚ್ಚು. ಹುಡುಕಾಟ ಅಲ್ಲಿಂದಲೇ ಶುರುವಾಗಲಿ.

ಬೇಕಾಗುವ ಸಾಮಾನು ಕಡಿಮೆ. ಡಿಜಿಟಲ್ ಮಲ್ಟಿಮೀಟರ್, ಫೀಲರ್ ಗೇಜ್ (ಸಂದಿನ ಅಳತೆ ಹಿಡಿಯುವ ತೆಳು ತಗಡುಗಳ ಗೊಂಚಲು), ಹೋಲ್ಡರ್‌ಗೆ ಎರಡು ವೈರು ಕಟ್ಟಿದ 21 ವ್ಯಾಟ್‌ನ ಇಂಡಿಕೇಟರ್ ಬಲ್ಬು, ಓಡುತ್ತಿರುವ ಬೈಕಿನಿಂದ ತೆಗೆದ ಒಂದು ಪ್ಲಗ್, ಮತ್ತೊಂದು ನೋಟ್‌ಬುಕ್. ನೋಟ್‌ಬುಕ್ ಯಾಕೆಂದರೆ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಮಾಡಿದ್ದನ್ನು ಬರೆದಿಡಬೇಕು. ಪಾಯಿಂಟು (ಕಿಡಿಗಾಗಿ ಕರೆಂಟನ್ನು ಜೋಡಿಸಿ ಕಡಿಯುವ ಸ್ವಿಚ್ಚು), ಪ್ಲಗ್ಗು, ಜೆಟ್ಟು (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಮೂರನ್ನೂ ಒಟ್ಟಿಗೆ ಬದಲಿಸಿದರೆ ಬೈಕ್ ಸ್ಟಾರ್ಟ್ ಆದರೂ ಕಾರಣ ಗೊತ್ತಾಗುವುದಿಲ್ಲ.

ಬ್ಯಾಟರಿ ಜೋಡಿಸುವ ಮುನ್ನ

ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಬಹಳಷ್ಟು ಪಾಸಿಟಿವ್ ಅರ್ಥಿನವು. ಅಂದರೆ ಬ್ಯಾಟರಿಯ ಪ್ಲಸ್ ತುದಿ ಚಾಸಿಗೆ ಹೋಗುತ್ತದೆ. ಅಭ್ಯಾಸಬಲದಿಂದ ಮೈನಸ್ ಅನ್ನು ಚಾಸಿಗೆ ಕೊಟ್ಟರೆ, ರೆಕ್ಟಿಫೈಯರ್‌ (ಎ.ಸಿ.ಯನ್ನು ಡಿ.ಸಿ. ಮಾಡುವ ಭಾಗ) ಇರುವ ಬೈಕಿನಲ್ಲಿ ಅದರ ಡಯೋಡುಗಳು ಕ್ಷಣದಲ್ಲಿ ಸುಡುತ್ತವೆ. ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಿ.

ಆಮೇಲೆ ಫ್ಯೂಸ್ ತೆಗೆದು, ಅದರ ಜಾಗಕ್ಕೆ 21 ವ್ಯಾಟ್ ಬಲ್ಬನ್ನು ಸಿಕ್ಕಿಸಿ, ಬ್ಯಾಟರಿ ಜೋಡಿಸಿ. 6 ವೋಲ್ಟ್ ಬೈಕಿಗೆ 6 ವೋಲ್ಟಿನದು, 12ಕ್ಕೆ 12ರದು. ಕೀ ಆಫ್ ಇದ್ದಾಗ ಬಲ್ಬು ಉರಿಯಬಾರದು. ಉರಿದರೆ ಎಲ್ಲೋ ವೈರು ಶಾರ್ಟ್ ಆಗಿದೆ. ಬಲ್ಬು ಅಡ್ಡ ಇರುವುದರಿಂದ ಹಾರ್ನೆಸ್ (ವೈರುಗಳ ಕಟ್ಟು) ಸುಡುವುದಿಲ್ಲ, ನಿಧಾನವಾಗಿ ಒಂದೊಂದೇ ಕನೆಕ್ಟರ್ ಬಿಚ್ಚುತ್ತಾ ಹುಡುಕಬಹುದು. ಈಗ ಲೈಟುಗಳನ್ನೆಲ್ಲ ಆಫ್ ಇಟ್ಟು ಕೀ ಆನ್ ಮಾಡಿ, ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ. ಬ್ಯಾಟರಿ ಇಗ್ನಿಷನ್‌ನ ಬೈಕಾದರೆ ಪಾಯಿಂಟ್ ಮುಚ್ಚಿದಾಗ ಬಲ್ಬು ಹೊತ್ತಿಕೊಳ್ಳಬೇಕು, ತೆರೆದಾಗ ಆರಬೇಕು ಅಥವಾ ತೀರಾ ಮಂಕಾಗಬೇಕು. ಹಾಗಾದರೆ ಬ್ಯಾಟರಿಯಿಂದ ಕೀ, ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿ ಹಾರುವಷ್ಟು ಏರಿಸುವ ಸುರುಳಿ), ಪಾಯಿಂಟ್ ದಾಟಿ ಅರ್ಥಿನವರೆಗೆ ದಾರಿ ಸರಿಯಿದೆ. ಎರಡು ನಿಮಿಷದ ಈ ಪರೀಕ್ಷೆ ಅರ್ಧ ದಿನದ ಹುಡುಕಾಟ ಉಳಿಸುತ್ತದೆ.

ಅರ್ಥ್: ಹೊಸ ಬಣ್ಣವೇ ಖಳನಾಯಕ

ಪೌಡರ್ ಕೋಟಿಂಗ್ ವಿದ್ಯುತ್ತನ್ನು ಬಿಡುವುದಿಲ್ಲ. ಹಳೆಯ ತುಕ್ಕು ಹಿಡಿದ ಚಾಸಿಯಲ್ಲಿ ಬೋಲ್ಟು ಲೋಹಕ್ಕೆ ಲೋಹ ತಾಗಿ ಕೂತಿತ್ತು. ಈಗ ಎಂಜಿನ್ ಕೂರುವ ಜಾಗ, ಹೆಡ್‌ಲೈಟ್ ಬುಟ್ಟಿ, ಹಾರ್ನ್ ಬ್ರಾಕೆಟ್, ರೆಗ್ಯುಲೇಟರ್ ಕೂರುವ ತಗಡು ಎಲ್ಲದಕ್ಕೂ ಬಣ್ಣದ ಹೊದಿಕೆ. ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಮಿಣುಕುವುದು, ಹಾರ್ನ್ ಒತ್ತಿದರೆ ಎಂಜಿನ್ ಮಿಸ್ಸಿಂಗ್ ಹೊಡೆಯುವುದು ಇದರ ಲಕ್ಷಣ.

ಊಹೆ ಬೇಡ, ಬಲ್ಬು ತೆಗೆದು ಫ್ಯೂಸ್ ಹಾಕಿ ಅಳೆಯಿರಿ. ಮೀಟರನ್ನು 2 ವೋಲ್ಟ್ ಡಿ.ಸಿ. ರೇಂಜಿಗೆ ಇಡಿ. ಒಂದು ಪ್ರೋಬ್ ಬ್ಯಾಟರಿಯ ಅರ್ಥ್ ತುದಿಗೆ, ಇನ್ನೊಂದು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಕೀ ಆನ್, ಪಾಯಿಂಟ್ ಮುಚ್ಚಿರಲಿ. ಮೀಟರ್ 0.1 ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಹೆಡ್‌ಲೈಟ್ ಹಾಕಿ ಬಲ್ಬ್ ಹೋಲ್ಡರ್‌ನ ಅರ್ಥ್ ಬಳಿಯೂ ಇದನ್ನೇ ಮಾಡಿ. ಅರ್ಧ ವೋಲ್ಟ್ ಅಂದರೆ ಸಣ್ಣದೆನಿಸಬಹುದು, ಆದರೆ 6 ವೋಲ್ಟಿನಲ್ಲಿ ಅದು ಹನ್ನೆರಡರಲ್ಲಿ ಒಂದು ಪಾಲು.

ಪರಿಹಾರ ಸರಳ. ಬೋಲ್ಟಿನ ಅಡಿಯ ಬಣ್ಣವನ್ನು ವಾಷರ್ ಅಗಲದಷ್ಟು ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಅದಕ್ಕಿಂತ ಒಳ್ಳೆಯದು, ಎಂಜಿನ್ನಿಂದ ಬ್ಯಾಟರಿಗೆ 2.5 ಚದರ ಮಿ.ಮೀ. ದಪ್ಪದ ಪ್ರತ್ಯೇಕ ಅರ್ಥ್ ವೈರು ಎಳೆಯುವುದು. ಹೆಡ್‌ಲೈಟಿನಿಂದಲೂ ಒಂದು ತಂದುಬಿಡಿ.

ಇದೇ ಜಾತಿಯ ಇನ್ನೊಂದು ತಪ್ಪು 12 ವೋಲ್ಟಿಗೆಂದು ಮಾಡಿದ ತೆಳು ಹಾರ್ನೆಸನ್ನು 6 ವೋಲ್ಟ್ ಬೈಕಿಗೆ ಹಾಕುವುದು. 35 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 2.9 ಆಂಪಿಯರ್ ಎಳೆದರೆ, 6 ವೋಲ್ಟಿನಲ್ಲಿ 5.8. ಅದೇ ವೈರಿನಲ್ಲಿ ಸೋರುವ ವೋಲ್ಟೇಜ್ ಇಮ್ಮಡಿ, ಸೋರಲು ಇರುವ ವೋಲ್ಟೇಜೇ ಅರ್ಧ. ಒಟ್ಟು ನಷ್ಟದ ಪಾಲು ನಾಲ್ಕು ಪಟ್ಟು. ‘6 ವೋಲ್ಟ್ ಬೈಕಿನ ಲೈಟೇ ಇಷ್ಟು’ ಎಂಬ ಮಾತಿನಲ್ಲಿ ಅರ್ಧ ಸತ್ಯ, ಉಳಿದರ್ಧ ಕೆಟ್ಟ ವೈರಿಂಗ್.

ಕಿಡಿ

ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಹೆಡ್ಡಿನ ಲೋಹಕ್ಕೆ ತಾಗಿಸಿ ಕಿಕ್ ಮಾಡಿ. ಪ್ಲಗ್ ತೂತಿನಿಂದ ದೂರವಿರಲಿ, ಅಲ್ಲಿಂದ ಬರುವ ಪೆಟ್ರೋಲ್ ಆವಿಗೆ ಬೆಂಕಿ ಹತ್ತಬಹುದು. ಚಟಚಟ ಸದ್ದಿನ ನೀಲಿ ಕಿಡಿ ಒಳ್ಳೆಯದು. ಹಳದಿ–ಕೆಂಪಿನ ನೂಲಿನಂಥ ಕಿಡಿಯನ್ನು ನಂಬಬೇಡಿ. ಹೊರಗಿನ ಗಾಳಿಯಲ್ಲಿ ಹೊತ್ತುವ ಬಡ ಕಿಡಿ ಸಿಲಿಂಡರ್ ಒಳಗಿನ ಒತ್ತಡದಲ್ಲಿ ಹೊತ್ತುವುದಿಲ್ಲ.

ಕಿಡಿಯೇ ಇಲ್ಲದಿದ್ದರೆ ಮೊದಲು ಪಾಯಿಂಟ್ ನೋಡಿ. ಹೊಸ ಪಾಯಿಂಟಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ, ಅದನ್ನು ಪೆಟ್ರೋಲ್ ಅದ್ದಿದ ಕಾಗದದಿಂದ ಒರೆಸದೆ ಹಾಕಿದರೆ ಕರೆಂಟು ದಾಟುವುದಿಲ್ಲ. ಇದಕ್ಕಿಂತ ಸಾಮಾನ್ಯ ತಪ್ಪು ಇನ್ಸುಲೇಷನ್ ವಾಷರುಗಳದ್ದು. ಪಾಯಿಂಟಿನ ಸ್ಪ್ರಿಂಗ್, ಕಾಯಿಲ್ ವೈರು, ಕಂಡೆನ್ಸರ್ (ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಪುಟ್ಟ ಭಾಗ) ವೈರು ಒಂದಕ್ಕೊಂದು ತಾಗಬೇಕು, ಅವುಗಳನ್ನು ಹಿಡಿದ ಬೋಲ್ಟು ಮಾತ್ರ ತಳದ ತಗಡಿಗೆ ತಾಗಬಾರದು. ಒಂದು ಫೈಬರ್ ವಾಷರ್ ಹಿಂದುಮುಂದಾದರೆ ಪಾಯಿಂಟ್ ಸದಾ ಮುಚ್ಚಿದಂತೆಯೇ. ಕಾಯಿಲ್ ವೈರು ಬಿಚ್ಚಿ, ಪಾಯಿಂಟಿನ ನಡುವೆ ಒಣ ಕಾಗದ ಇಟ್ಟು, ಸ್ಪ್ರಿಂಗ್‌ನಿಂದ ಅರ್ಥಿಗೆ ಕಂಟಿನ್ಯೂಟಿ ನೋಡಿ. ಮೀಟರ್ ಕೂಗಿದರೆ ವಾಷರ್ ತಪ್ಪಿದೆ, ಇಲ್ಲವೇ ಕಂಡೆನ್ಸರ್ ಶಾರ್ಟ್ ಆಗಿದೆ. ಕಂಡೆನ್ಸರ್ ವೈರು ಬಿಚ್ಚಿ ಮತ್ತೆ ನೋಡಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ.

ಕ್ಯಾಮ್ ಅತ್ಯಂತ ಎತ್ತರದಲ್ಲಿರುವಾಗ ಪಾಯಿಂಟ್ ಗ್ಯಾಪ್ ಹೆಚ್ಚಿನ ಹಳೆ ಬೈಕುಗಳಲ್ಲಿ 0.35ರಿಂದ 0.40 ಮಿ.ಮೀ. ಪಾಯಿಂಟಿನಲ್ಲಿ ದಪ್ಪ ನೀಲಿ–ಬಿಳಿ ಕಿಡಿ ಹಾರುತ್ತಿದ್ದರೆ, ಅದರ ಮುಖ ಬೇಗ ಕಪ್ಪಾಗುತ್ತಿದ್ದರೆ ಕಂಡೆನ್ಸರ್ ಸತ್ತಿದೆ ಅಥವಾ ಅದರ ಅರ್ಥ್ ಸರಿಯಿಲ್ಲ. ಇಲ್ಲೊಂದು ಮೋಹ ಬಿಡಬೇಕು: ಡಬ್ಬಿ ಒಡೆಯದ ‘ಹಳೆ ಸ್ಟಾಕಿನ ಹೊಸ’ ಕಂಡೆನ್ಸರ್. ನಲವತ್ತು ವರ್ಷ ಕಪಾಟಿನಲ್ಲಿದ್ದದ್ದರ ಒಳಗಿನ ಇನ್ಸುಲೇಷನ್ ಕೆಟ್ಟಿರುತ್ತದೆ. ಕ್ರೋಮ್ ಭಾಗಕ್ಕೆ ಹಳೆ ಸ್ಟಾಕು ಚಿನ್ನ, ಕಂಡೆನ್ಸರಿಗೆ ಅಲ್ಲ. ಸುಮಾರು 0.2 ಮೈಕ್ರೊಫ್ಯಾರಡ್‌ನ ಈಗಿನ ತಯಾರಿಕೆಯದ್ದನ್ನೇ ಹಾಕಿ.

ಕಾಯಿಲ್ ಅಳೆಯುವಾಗ 6 ವೋಲ್ಟಿನದರ ಪ್ರೈಮರಿ (ಬ್ಯಾಟರಿ ಕಡೆಯ ಸುತ್ತು) ಸುಮಾರು 1ರಿಂದ 2 ಓಮ್, 12 ವೋಲ್ಟಿನದು 3ರಿಂದ 4 ಓಮ್ ಆಸುಪಾಸು ಇರುತ್ತದೆ. ಸೆಕೆಂಡರಿ (ಪ್ಲಗ್ ಕಡೆಯ ಸುತ್ತು) ಹಲವು ಸಾವಿರ ಓಮ್. 6 ಮತ್ತು 12ರ ಕಾಯಿಲ್ ಅದಲುಬದಲಾದರೂ ಬೈಕು ಸ್ಟಾರ್ಟ್ ಆಗಬಹುದು, ಅದೇ ತೊಂದರೆ. 6 ವೋಲ್ಟ್ ಬೈಕಿಗೆ 12ರ ಕಾಯಿಲ್ ಹಾಕಿದರೆ ಕಿಡಿ ಬಡವಾಗುತ್ತದೆ, 12ಕ್ಕೆ 6ರದ್ದು ಹಾಕಿದರೆ ಕಾಯಿಲ್ ಕಾದು ಪಾಯಿಂಟ್ ಸುಡುತ್ತದೆ. ಇನ್ನು ‘ಹದಿನೈದು ನಿಮಿಷ ಚೆನ್ನಾಗಿ ಓಡಿ ನಿಲ್ಲುತ್ತದೆ, ತಣ್ಣಗಾದರೆ ಮತ್ತೆ ಸ್ಟಾರ್ಟ್ ಆಗುತ್ತದೆ’ ಎಂಬ ಪ್ರಸಿದ್ಧ ಕಾಯಿಲೆ. ನಿಂತ ಕ್ಷಣದಲ್ಲೇ, ತಣ್ಣಗಾಗಲು ಬಿಡದೆ, ಕಿಡಿ ನೋಡಿ. ಕಿಡಿ ಇಲ್ಲದಿದ್ದರೆ ಕಾಯಿಲ್ ಅಥವಾ ಕಂಡೆನ್ಸರ್. ಕಿಡಿ ಚೆನ್ನಾಗಿದ್ದರೆ ತಕ್ಷಣ ಟ್ಯಾಂಕಿನ ಮುಚ್ಚಳ ತೆರೆಯಿರಿ. ಕಾರಣ ಮುಂದೆ ಬರುತ್ತದೆ.

ಟೈಮಿಂಗ್

ಗ್ಯಾಪ್ ಬದಲಾದರೆ ಟೈಮಿಂಗೂ (ಕಿಡಿ ಹಾರುವ ಗಳಿಗೆ) ಬದಲಾಗುತ್ತದೆ, ಹಾಗಾಗಿ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಪ್ಲಗ್ ತೂತಿಗೆ ಡಯಲ್ ಗೇಜ್ ಹಾಕಿ ಪಿಸ್ಟನ್ ತುತ್ತತುದಿ ಹಿಡಿಯಿರಿ, ಹಿಂದಕ್ಕೆ ತಿರುಗಿಸಿ, ಓಡುವ ದಿಕ್ಕಿನಲ್ಲಿ ನಿಧಾನವಾಗಿ ತನ್ನಿ. ಪಾಯಿಂಟ್ ಬಿಡುವ ಗಳಿಗೆಯನ್ನು ಫ್ಯೂಸ್ ಜಾಗಕ್ಕೆ ಹಾಕಿದ ಆ ಟೆಸ್ಟ್ ಬಲ್ಬೇ ಹೇಳುತ್ತದೆ. ಪಾಯಿಂಟಿನ ಬುಲೆಟ್ 350ರಲ್ಲಿ ಅಡ್ವಾನ್ಸ್ ಯೂನಿಟ್ (ವೇಗ ಏರಿದಂತೆ ಕಿಡಿಯನ್ನು ಮುಂಚೆ ತರುವ ಭಾಗ) ಪೂರ್ತಿ ಹಿಂದಿರುವಾಗ ತುದಿಗೆ 0.8 ಮಿ.ಮೀ. ಮೊದಲು ಬಿಡಬೇಕು. ಬೇರೆ ಬೈಕಿಗೆ ಅದರದೇ ಕೈಪಿಡಿಯ ಅಳತೆ. ಕಿಕ್ಕರ್ ಕಾಲಿಗೆ ತಿರುಗಿ ಹೊಡೆದರೆ ಟೈಮಿಂಗ್ ಮುಂದಿದೆ. ಹೊಸ ಕ್ರೋಮ್ ಬೆಂಡ್ ಪೈಪು ಬೇಗ ನೀಲಿಗಟ್ಟಿದರೆ ಹಿಂದಿರಬಹುದು.

ಒಂದೊಂದು ಸುತ್ತಿಗೂ ಗ್ಯಾಪ್ ಬೇರೆ ಬೇರೆ ಬರುತ್ತಿದ್ದರೆ ಹೊಂದಿಸುವುದನ್ನು ನಿಲ್ಲಿಸಿ. ಕ್ಯಾಮ್ ಶಾಫ್ಟಿನ ಬುಶ್ ಸವೆದಿದೆ. ಜಾವಾ–ಯೆಜ್ಡಿಯಂತೆ ಕ್ರ್ಯಾಂಕಿನ ತುದಿಯಲ್ಲೇ ಡೈನಮೋ ಮತ್ತು ಪಾಯಿಂಟ್ ಇರುವ ಬೈಕಿನಲ್ಲಿ ಆ ಅಲುಗಾಟ ಮೇನ್ ಬೇರಿಂಗಿನದು. ಅಲ್ಲಿ ಕರೆಂಟಿನ ದೋಷದಂತೆ ಕಾಣುವುದು ನಿಜಕ್ಕೂ ಎಂಜಿನ್ನಿನ ದೋಷ.

ಪೆಟ್ರೋಲ್

ಪೈಪ್ ತೆಗೆದು, ಕಾಕ್ ತೆರೆದು ಬಾಟಲಿಗೆ ಹಿಡಿಯಿರಿ. ನಿಮಿಷಕ್ಕೆ 200 ಮಿ.ಲೀ. ಬಂದರೆ ಸಾಕು. ಚೆನ್ನಾಗಿ ಶುರುವಾಗಿ ಆಮೇಲೆ ತೊಟ್ಟಿಕ್ಕಿದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಕ್ರೋಮ್ ಲೇಪನ, ಬಣ್ಣ ಅಥವಾ ಹೊಸ ರಬ್ಬರ್ ವಾಷರ್ ಅದನ್ನು ಮುಚ್ಚಿರುತ್ತದೆ. ಟ್ಯಾಂಕಿನೊಳಗೆ ನಿರ್ವಾತ ಕಟ್ಟಿ ಎಂಜಿನ್ ನಿಲ್ಲುತ್ತದೆ, ತುಸು ಹೊತ್ತಿಗೆ ಗಾಳಿ ನುಸುಳಿ ಮತ್ತೆ ಸ್ಟಾರ್ಟ್ ಆಗುತ್ತದೆ. ನೋಡಲು ಥೇಟ್ ಕಾಯಿಲ್ ದೋಷದಂತೆಯೇ.

ಎಥೆನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರ್ ಮತ್ತು ಕೆಲವು ಟ್ಯಾಂಕ್ ಲೇಪನಗಳನ್ನು ಮೆತ್ತಗಾಗಿಸುತ್ತದೆ. ಹಾಗೆ ಕಳಚಿದ ಚೂರುಗಳು ಹೋಗಿ ಕೂರುವುದು ಪೈಲಟ್ ಜೆಟ್ಟಿನಲ್ಲಿ (ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಜೆಟ್ಟು). ಅದಕ್ಕೆ ತಂತಿ ತುರುಕಬೇಡಿ, ತೂತು ದೊಡ್ಡದಾದರೆ ಜೆಟ್ಟೇ ಹೋಯಿತು. ಕ್ಲೀನರ್ ಸಿಂಪಡಿಸಿ ಗಾಳಿ ಊದಿ. ಏರ್ ಸ್ಕ್ರೂ ಪೂರ್ತಿ ಮೆಲ್ಲಗೆ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿ ಶುರುಮಾಡಿ. ಐಡ್ಲಿಂಗ್ ಇಳಿಯದಿದ್ದರೆ, ಓಡುತ್ತಿರುವ ಎಂಜಿನ್ನಿನ ಕಾರ್ಬುರೇಟರ್ ಜೋಡಣೆಗೆ ನೀರು ಸಿಂಪಡಿಸಿ. ಸದ್ದು ಬದಲಾದರೆ ಅಲ್ಲಿ ಗಾಳಿ ಎಳೆಯುತ್ತಿದೆ. ನಟ್ಟು ಅತಿಯಾಗಿ ಬಿಗಿದು ಫ್ಲೇಂಜ್ ಬಾಗಿರುತ್ತದೆ. ಗಾಜಿನ ಮೇಲೆ 400 ನಂಬರಿನ ಎಮರಿ ಕಾಗದ ಇಟ್ಟು ಉಜ್ಜಿ ಸಮ ಮಾಡಿ.

ಎಂಜಿನ್ ಒಳಗೆ

ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಆಯಿಲ್ ಸೀಲುಗಳೇ ಅರ್ಧ ಎಂಜಿನ್ ಅನ್ನಬಹುದು. ಪ್ರೈಮರಿ ಚೈನ್ ಕಡೆಯ ಸೀಲು ಸೋತರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ನಿಲ್ಲದ ಹೊಗೆ ಬರುತ್ತದೆ, ಗೇರ್ ಬಾಕ್ಸಿನ ಎಣ್ಣೆ ಸದ್ದಿಲ್ಲದೆ ಇಳಿಯುತ್ತದೆ. ಡೈನಮೋ ಕಡೆಯದು ಸೋತರೆ ಗಾಳಿ ಎಳೆಯುತ್ತದೆ. ಐಡ್ಲಿಂಗ್ ತಾನಾಗಿ ಏರುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ, ಕೊನೆಗೆ ಪಿಸ್ಟನ್ ಸೀಜ್. ಖಚಿತಪಡಿಸಿಕೊಳ್ಳಲು ಇನ್ಲೆಟ್ ಮತ್ತು ಎಕ್ಸಾಸ್ಟ್ ದಾರಿಗಳನ್ನು ರಬ್ಬರ್ ಮತ್ತು ತಗಡಿನಿಂದ ಮುಚ್ಚಿ (ಜಾವಾ–ಯೆಜ್ಡಿ 250ಯಲ್ಲಿ ಸಿಲಿಂಡರ್ ಒಂದೇ ಆದರೂ ಎಕ್ಸಾಸ್ಟ್ ಎರಡು, ಮರೆಯಬೇಡಿ), ಪ್ಲಗ್ ತೂತಿನಿಂದ ಸುಮಾರು 0.4 ಬಾರ್ ಗಾಳಿ ತುಂಬಿ. ಕೆಲವು ನಿಮಿಷ ಮುಳ್ಳು ಕದಲಬಾರದು. ಕದಲಿದರೆ ಸೋಪು ನೀರಿನ ಗುಳ್ಳೆ ಜಾಗ ತೋರಿಸುತ್ತದೆ. ಹೊಸ ಸೀಲೂ ಸೋರುತ್ತಿದ್ದರೆ, ಹಾಕುವಾಗ ಶಾಫ್ಟಿನ ಕೀ ಗಾಡಿಯ ಅಂಚು ಅದರ ತುಟಿ ಕತ್ತರಿಸಿರುತ್ತದೆ. ಆ ಅಂಚಿಗೆ ತೆಳು ಟೇಪು ಸುತ್ತಿ, ಗ್ರೀಸ್ ಹಚ್ಚಿ ತೂರಿಸಬೇಕಿತ್ತು.

ಆಯಿಲ್ 1:25 ಅಂದರೆ ಲೀಟರಿಗೆ 40 ಮಿ.ಲೀ., 1:20 ಅಂದರೆ 50. ‘ಸೇಫ್ಟಿಗೆ’ ಎಂದು ಇನ್ನಷ್ಟು ಸುರಿಯುವವರಿದ್ದಾರೆ. ಆಯಿಲ್ ಹೆಚ್ಚಾದಷ್ಟೂ ಅದೇ ಜೆಟ್ಟಿನಲ್ಲಿ ಹೋಗುವ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಇನ್ನೂ ಕಾಯುತ್ತದೆ.

ಫೋರ್ ಸ್ಟ್ರೋಕಿಗೆ ದೊಡ್ಡ ಶತ್ರು, ಹಳೆ ಬಣ್ಣ, ತುಕ್ಕು ತೆಗೆಯಲು ಊದುವ ಬ್ಲಾಸ್ಟಿಂಗ್ ಮರಳು. ಕ್ರ್ಯಾಂಕ್ ಕೇಸಿನ ಎಣ್ಣೆದಾರಿಯಲ್ಲಿ, ಬೋಲ್ಟಿನ ತೂತುಗಳಲ್ಲಿ ಉಳಿದ ಕಣಗಳು ಮೊದಲ ಗಂಟೆಯಲ್ಲೇ ಬೇರಿಂಗ್ ತಿನ್ನುತ್ತವೆ. ಬಿಸಿ ಸೋಪು ನೀರು, ಬ್ರಶ್ಶು, ಗಾಳಿ, ಮತ್ತೆ ಅದೇ ಕ್ರಮ, ಮರಳು ಬರುವುದು ಪೂರ್ತಿ ನಿಲ್ಲುವವರೆಗೆ. ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವಿನ ಗ್ಯಾಪ್ 70 ಮಿ.ಮೀ. ಬೋರಿಗೆ 0.3 ಮಿ.ಮೀ. ಆಸುಪಾಸು ಇರಲಿ. ಹಳೆ ಬುಲೆಟ್ಟಿನ ಟ್ಯಾಪೆಟ್ಟನ್ನು ತಣ್ಣನೆಯ ಎಂಜಿನ್ನಿನಲ್ಲಿ, ಕಂಪ್ರೆಷನ್ ತುದಿಯಲ್ಲಿ ಹೊಂದಿಸಿ: ಪುಶ್ ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ತಿಂಗಳುಗಟ್ಟಲೆ ನಿಂತ ಬೈಕು ಸ್ಟಾರ್ಟ್ ಆದಾಗ ಹೊಗೆ ಉಗುಳಿದರೆ ಗಾಬರಿ ಬೇಡ. ಆಯಿಲ್ ಟ್ಯಾಂಕಿನ ಎಣ್ಣೆ ಕ್ರ್ಯಾಂಕಿಗೆ ಇಳಿದಿರುತ್ತದೆ, ಕೆಲವು ನಿಮಿಷದಲ್ಲಿ ತಾನೇ ತಿಳಿಯಾಗುತ್ತದೆ.

ಕ್ಲಚ್ ಜಾರಿದರೆ ಪ್ಲೇಟಿಗಿಂತ ಮೊದಲು ಎಣ್ಣೆ ನೋಡಿ. ಕಾರಿನ ಆಯಿಲಿನಲ್ಲಿರುವ ಜಾರಿಸುವ ರಾಸಾಯನಿಕ ಇದಕ್ಕೆ ಆಗದು, ಡಬ್ಬಿಯ ಮೇಲೆ ‘ಜಾಸೊ ಎಂಎ’ ಗುರುತಿರಬೇಕು.

ಚಾರ್ಜಿಂಗ್

ನಿಂತ ಬ್ಯಾಟರಿ ಪೂರ್ತಿ ಚಾರ್ಜಿನಲ್ಲಿ 6 ವೋಲ್ಟಿನದು 6.3, 12ರದು 12.6 ಆಸುಪಾಸು ತೋರಿಸುತ್ತದೆ. ಮಧ್ಯಮ ವೇಗದಲ್ಲಿ ಅವು ಸುಮಾರು 7 ಮತ್ತು 14ಕ್ಕೆ ಏರಬೇಕು. ಏರದಿದ್ದರೆ ದೋಷ ಡೈನಮೋದ್ದೋ ರೆಗ್ಯುಲೇಟರಿನದ್ದೋ ಎಂದು ಬೇರ್ಪಡಿಸಿ. ಲೂಕಾಸ್ ಮಾದರಿಯ 6 ವೋಲ್ಟ್ ಡೈನಮೋದ ಡಿ ಮತ್ತು ಎಫ್ ಎಂದು ಗುರುತಿರುವ ತುದಿಗಳ ವೈರು ಬಿಚ್ಚಿ, ಡೈನಮೋದ ಆ ಎರಡೂ ತುದಿಗಳನ್ನು ಸೇರಿಸಿ, ಅಲ್ಲಿಂದ ಅರ್ಥಿಗೆ ಮೀಟರ್ ಹಿಡಿದು ಎಂಜಿನ್ ವೇಗ ಮೆಲ್ಲಗೆ ಏರಿಸಿ. ವೋಲ್ಟೇಜ್ ತಡವರಿಸದೆ ಸರ್ರನೆ ಏರಬೇಕು, ಆದರೆ 10 ಮುಟ್ಟಲು ಬಿಡಬೇಡಿ. ಏರಿದರೆ ಡೈನಮೋ ಸರಿ, ರೆಗ್ಯುಲೇಟರ್ ನೋಡಿ. ಸೊನ್ನೆ ಬಂದರೆ ಕಾರ್ಬನ್ ಬ್ರಶ್ಶು, ಅರ್ಧ ವೋಲ್ಟಿನಲ್ಲಿ ನಿಂತರೆ ಫೀಲ್ಡ್ ಕಾಯಿಲ್, ಒಂದೂವರೆ ಎರಡರಲ್ಲಿ ನಿಂತರೆ ಆರ್ಮೇಚರ್ ಅನುಮಾನಿಸಿ. ಕಮ್ಯುಟೇಟರ್ ಉಜ್ಜಲು ನಯವಾದ ಮರಳು ಕಾಗದ ಸಾಕು, ಎಮರಿ ಬೇಡ. ಎಮರಿ ಪುಡಿ ತಾಮ್ರದ ಪಟ್ಟಿಗಳ ನಡುವೆ ಕೂತರೆ ಶಾರ್ಟ್ ಆಗುತ್ತದೆ.

ಬೈಕು ಓಡಿದ ಮೇಲೆ, ಮೊದಲ 50 ಕಿ.ಮೀ. ಮುಗಿದಾಗ ಎಂಜಿನ್ ಪೂರ್ತಿ ತಣಿಯಲು ಬಿಟ್ಟು ಹೆಡ್ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಹೊಸ ಪ್ಯಾಕಿಂಗ್ ಅಷ್ಟರಲ್ಲಿ ಕೂತಿರುತ್ತದೆ. ಹೊಸ ಪಾಯಿಂಟಿನ ಹಿಮ್ಮಡಿಯೂ (ಕ್ಯಾಮ್ ಮೇಲೆ ಉಜ್ಜುವ ಭಾಗ) ಸವೆದು ಗ್ಯಾಪ್ ಕಿರಿದಾಗಿರುತ್ತದೆ. ಫೀಲರ್ ಗೇಜ್ ಹಾಕಿ ಗ್ಯಾಪ್ ಸರಿಪಡಿಸಿ, ಟೈಮಿಂಗ್ ಇನ್ನೊಮ್ಮೆ ನೋಡಿ, ಎರಡೂ ಅಳತೆಯನ್ನು ನೋಟ್‌ಬುಕ್ಕಿಗೆ ಹಾಕಿ.