ನಾಲ್ಕು ಬಣ್ಣದ ಪೆನ್ಸಿಲ್ ಹಿಡಿದು ಸುವಾರ್ತೆ ಓದುವುದು ಹೇಗೆ

ಹೋದ ವರ್ಷ ಈಸ್ಟರ್ ಹಿಂದಿನ ವಾರ ನನ್ನ ತಂಗಿಯ ಮಗಳು ಬೆಂಗಳೂರಿನ ಹಾಸ್ಟೆಲಿನಿಂದ ಫೋನ್ ಮಾಡಿದಳು. "ದೊಡ್ಡಮ್ಮ, ಯೇಸು ಅಂತ ಒಬ್ಬರು ಇದ್ದೇ ಇರಲಿಲ್ವಂತೆ. ಬೈಬಲನ್ನು ಯಾರೋ ರಾಜ ಮಾಡಿಸಿದ್ದಂತೆ. ಹೌದಾ?" ಅವಳ ರೂಮಿನವರು ಒಂದು ವಿಡಿಯೋ ತೋರಿಸಿದ್ದರು. ಅವಳು ನಗುತ್ತಾ ಕೇಳಲಿಲ್ಲ. ಧ್ವನಿಯಲ್ಲಿ ಹೆದರಿಕೆ ಇತ್ತು.

ಆ ಹೆದರಿಕೆ ನನಗೆ ಗೊತ್ತು. ನನಗೆ 16 ವರ್ಷ ಇದ್ದಾಗ ಸಂಡೇ ಸ್ಕೂಲಿನಲ್ಲಿ ಎದ್ದು ನಿಂತು ಕೇಳಿದ್ದೆ: ಈಸ್ಟರ್ ಬೆಳಿಗ್ಗೆ ಯೇಸುವಿನ ಸಮಾಧಿಗೆ ಹೋದ ಹೆಂಗಸರು ಎಷ್ಟು ಮಂದಿ? ಯೇಸುವಿನ ಕಥೆ ಹೇಳುವ ನಾಲ್ಕು ಪುಸ್ತಕಗಳಲ್ಲಿ, ಒಂದೊಂದು ಸುವಾರ್ತೆಯಲ್ಲಿ ಒಂದೊಂದು ಥರ ಇದೆಯಲ್ಲ? "ಅಧಿಕಪ್ರಸಂಗ ಬೇಡ" ಎಂದು ಕೂರಿಸಿದರು. ಆ ಪ್ರಶ್ನೆಯನ್ನು 30 ವರ್ಷ ಯಾರ ಹತ್ತಿರವೂ ಎತ್ತಲಿಲ್ಲ. ಶಾಲೆಯ ಕೆಲಸದಿಂದ ನಿವೃತ್ತಿಯಾದ ಮೇಲೆ, ಮಂಗಳೂರಿನ ನಮ್ಮ ಮನೆಯ ಜಗಲಿಯಲ್ಲಿ ಶನಿವಾರ ಸಂಜೆ ಏಳೆಂಟು ಮಂದಿ ಸೇರಿ ಓದಲು ಶುರುಮಾಡಿದೆವು. ಅಲ್ಲಿ ನಾವು ಮಾಡುವುದನ್ನು ತಂಗಿ ಮಗಳಿಗೆ ಬರೆದು ಕಳಿಸಿದೆ. ಅದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಹೇಳುತ್ತೇನೆ.

ಬೇಕಾಗುವುದು ಒಂದು ಸತ್ಯವೇದ (ಬೈಬಲ್), ನಾಲ್ಕು ಬಣ್ಣದ ಪೆನ್ಸಿಲ್, ಒಂದು ನೋಟ್‌ಬುಕ್. ಸತ್ಯವೇದದ ಮೇಲೆ ಗೆರೆ ಹಾಕಲು ಮನಸ್ಸು ಬಾರದಿದ್ದರೆ ಬೇಕಾದ ಪುಟಗಳನ್ನು ಜೆರಾಕ್ಸ್ ಮಾಡಿಸಿ. ಪಂಡಿತರ ಪುಸ್ತಕ, ವಿಡಿಯೋ ಎಲ್ಲ ಆಮೇಲೆ. ಮೊದಲು ನಿಮ್ಮ ಕಣ್ಣಿಂದಲೇ ನೋಡಬೇಕು.

ಮೊದಲು ಹೆಂಗಸರನ್ನು ಎಣಿಸಿ

ನೋಟ್‌ಬುಕ್ಕಿನಲ್ಲಿ ಉದ್ದಕ್ಕೆ ನಾಲ್ಕು ಸಾಲು ಮಾಡಿ. ಮಾರ್ಕ 16:1-8, ಮತ್ತಾಯ 28:1-10, ಲೂಕ 24:1-12, ಯೋಹಾನ 20:1-18. ಒಂದೊಂದು ಸುವಾರ್ತೆಗೆ ಒಂದೊಂದು ಬಣ್ಣ. ಪ್ರತಿ ಸಾಲಿನಲ್ಲೂ ಮೂರೇ ವಿಷಯ ಬರೆಯಿರಿ: ಯಾರು ಹೋದರು, ಅಲ್ಲಿ ಯಾರನ್ನು ಕಂಡರು, ಆಮೇಲೆ ಏನು ಮಾಡಿದರು.

ಮಾರ್ಕನಲ್ಲಿ ಮೂವರು ಹೋಗುತ್ತಾರೆ: ಮಗ್ದಲದ ಮರಿಯ, ಯಾಕೋಬನ ತಾಯಿ ಮರಿಯ, ಸಲೋಮೆ. ಒಳಗೆ ಬಿಳಿ ಬಟ್ಟೆಯ ಒಬ್ಬ ಯೌವನಸ್ಥ ಕೂತಿದ್ದಾನೆ. ಅವರು ಓಡಿಹೋಗುತ್ತಾರೆ, ಹೆದರಿ ಯಾರಿಗೂ ಏನೂ ಹೇಳುವುದಿಲ್ಲ. ಮತ್ತಾಯನಲ್ಲಿ ಇಬ್ಬರು ಮರಿಯರು. ಭೂಕಂಪ ಆಗುತ್ತದೆ, ದೇವದೂತ ಬಂದು ಕಲ್ಲನ್ನು ಉರುಳಿಸಿ ಅದರ ಮೇಲೆ ಕೂರುತ್ತಾನೆ. ಹೆಂಗಸರು ಹೆದರಿಕೆ ಮತ್ತು ಸಂತೋಷದಿಂದ ಶಿಷ್ಯರಿಗೆ ಹೇಳಲು ಓಡುತ್ತಾರೆ. ಲೂಕನಲ್ಲಿ ಯೋಹಾನಳು ಎಂಬ ಹೆಂಗಸಿನ ಹೆಸರೂ ಸೇರಿಕೊಳ್ಳುತ್ತದೆ, ಜೊತೆಗೆ ಇನ್ನೂ ಕೆಲವರು. ಅಲ್ಲಿ ಕಾಣುವವರು ಇಬ್ಬರು. ಯೋಹಾನನ ಸುವಾರ್ತೆಯಲ್ಲಿ ಹೋಗುವ ಮಗ್ದಲದ ಮರಿಯಳ ಹೆಸರೊಂದೇ ಇದೆ. ಅವಳು ಮೊದಲು ಯಾರನ್ನೂ ಕಾಣದೆ ಶಿಷ್ಯ ಪೇತ್ರನ ಹತ್ತಿರ ಓಡುತ್ತಾಳೆ.

ಈಗ ನಾಲ್ಕರಲ್ಲೂ ಇರುವುದಕ್ಕೆ ಸುತ್ತು ಹಾಕಿ. ವಾರದ ಮೊದಲ ದಿನ. ಮಗ್ದಲದ ಮರಿಯ. ಕಲ್ಲು ಸರಿದ ಸಮಾಧಿ. ಒಳಗೆ ಇಲ್ಲದ ದೇಹ. ನನ್ನ ಸಂಡೇ ಸ್ಕೂಲ್ ಪ್ರಶ್ನೆಗೆ ನಾನೇ ಈ ಪಟ್ಟಿ ಮಾಡಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಎದೆ ಹಗುರ ಆಗಿತ್ತು.

ಆಧುನಿಕ ವಾದ ಶುರುವಾಗುವುದು ಇಲ್ಲೇ. ಇಷ್ಟು ವ್ಯತ್ಯಾಸ ಇದ್ದರೆ ಕಟ್ಟುಕಥೆ ಎಂದು ಒಬ್ಬರು ಹೇಳುತ್ತಾರೆ. ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಕಡಿಮೆ, ಕಟ್ಟುಕಥೆ ಮಾಡುವವರು ಹೆಂಗಸರನ್ನು ಮೊದಲ ಸಾಕ್ಷಿ ಮಾಡುತ್ತಿರಲಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಹಾಗಾದರೆ ಮೊದಲ ತಲೆಮಾರಿನ ಬೋಧಕ ಪೌಲ ತನ್ನ ಪತ್ರದಲ್ಲಿ ಕೊಡುವ, ಎದ್ದ ಯೇಸುವನ್ನು ಕಂಡವರ ಪಟ್ಟಿಯಲ್ಲಿ ಆ ಹೆಂಗಸರ ಹೆಸರು ಯಾಕಿಲ್ಲ ಎಂದು ಮೂರನೆಯವರು ಕೇಳುತ್ತಾರೆ. ಮೂರೂ ಕೇಳತಕ್ಕ ಮಾತೇ. ನಿಮ್ಮ ಪಟ್ಟಿ ಮುಂದೆ ಇದ್ದರೆ ಯಾರು ಯಾವ ಸಾಲಿನ ಮೇಲೆ ನಿಂತು ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ.

ಇನ್ನೊಂದು ಕೆಲಸ ಮಾಡಿ. ಮಾರ್ಕನ 8ನೇ ವಚನದ ನಂತರ ನಿಲ್ಲಿಸಿ. 9ರಿಂದ 20ರವರೆಗಿನ ಭಾಗ 4ನೇ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಾದ ಸೀನಾಯ್ ಪ್ರತಿ ಮತ್ತು ವ್ಯಾಟಿಕನ್ ಪ್ರತಿಯಲ್ಲಿ ಇಲ್ಲ. ನಾವು ಆ ಎಂಟು ವಚನ ಗಟ್ಟಿಯಾಗಿ ಓದಿ ಎರಡು ನಿಮಿಷ ಸುಮ್ನೆ ಕೂತೆವು. ಒಬ್ಬ ಹುಡುಗ ಕೇಳಿದ: "ಅವರು ಯಾರಿಗೂ ಹೇಳಲಿಲ್ಲ ಅಂದ್ರೆ, ನಮಗೆ ಗೊತ್ತಾಗಿದ್ದು ಹೇಗೆ?"

ಕಾಲದ ಕ್ರಮಕ್ಕೆ ಜೋಡಿಸಿ

ಅವನ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಪುಸ್ತಕಗಳ ಕ್ರಮ ಬದಲಿಸಬೇಕು. ಸತ್ಯವೇದದಲ್ಲಿ ಮತ್ತಾಯ ಮೊದಲು ಬರುತ್ತದೆ. ಆದರೆ ಮೊದಲು ಬರೆದದ್ದು ಪೌಲನ ಪತ್ರಗಳು. ಹೆಚ್ಚಿನ ವಿದ್ವಾಂಸರು ಒಪ್ಪುವ ಲೆಕ್ಕ ಹೀಗಿದೆ: ಶಿಲುಬೆ ಸುಮಾರು ಕ್ರಿ.ಶ. 30ರಲ್ಲಿ. ಪೌಲನ ಪತ್ರಗಳು 50ರ ದಶಕದಲ್ಲಿ. ಯೆರೂಸಲೇಮಿನ ದೇವಾಲಯ ರೋಮನ್ನರ ಕೈಯಲ್ಲಿ ಹಾಳಾದ 70ರ ಆಸುಪಾಸಿನಲ್ಲಿ ಮಾರ್ಕ. ಮತ್ತೆ ಹತ್ತು ಇಪ್ಪತ್ತು ವರ್ಷದಲ್ಲಿ ಮತ್ತಾಯ ಮತ್ತು ಲೂಕ. ಶತಮಾನದ ಕೊನೆಗೆ ಯೋಹಾನ. ಇದಕ್ಕಿಂತ ಮುಂಚೆ ಎನ್ನುವವರೂ ಇದ್ದಾರೆ. ಒಂದು ಚೀಟಿಯಲ್ಲಿ ಈ ವರ್ಷಗಳನ್ನು ಬರೆದು ಸತ್ಯವೇದದೊಳಗೆ ಇಟ್ಟುಕೊಳ್ಳಿ.

ಈಗ ಪೌಲನ ಪತ್ರಗಳಲ್ಲಿ ಒಂದಾದ 1 ಕೊರಿಂಥ 15:3-8 ಓದಿ. ಪೌಲ ಹೊಸದಾಗಿ ಏನೂ ಹೇಳುತ್ತಿಲ್ಲ. ತಾನು ಬೇರೆಯವರಿಂದ ಕಲಿತದ್ದನ್ನು ಒಪ್ಪಿಸುತ್ತಿದ್ದಾನೆ. ಕ್ರಿಸ್ತನು ಸತ್ತನು, ಹೂಣಲ್ಪಟ್ಟನು, ಎಬ್ಬಿಸಲ್ಪಟ್ಟನು, ಕೇಫನಿಗೆ (ಪೇತ್ರನಿಗೆ) ಕಾಣಿಸಿಕೊಂಡನು. ಬಾಯಿಪಾಠ ಮಾಡಿದ ಮಗ್ಗಿಯ ಹಾಗೆ ಇದೆ, ಅಲ್ವಾ? ಅಂದರೆ ಪತ್ರಕ್ಕಿಂತ ಹಳೆಯದು. ದೇವರ ನಂಬಿಕೆ ಇಲ್ಲದ ವಿದ್ವಾಂಸರಲ್ಲೂ ಬಹಳ ಮಂದಿ ಈ ಸಾಲುಗಳು ಶಿಲುಬೆಯಾದ ಕೆಲವೇ ವರ್ಷಗಳಲ್ಲಿ ರೂಪಗೊಂಡವು ಎನ್ನುತ್ತಾರೆ.

ಆಮೇಲೆ ಪೌಲನದೇ ಇನ್ನೊಂದು ಪತ್ರ, ಗಲಾತ್ಯ 1:18-19. ಪೌಲ ಯೆರೂಸಲೇಮಿಗೆ ಹೋಗಿ ಕೇಫನ ಜೊತೆ 15 ದಿನ ಇದ್ದ, ಕರ್ತನ ತಮ್ಮ ಯಾಕೋಬನನ್ನು ಕಂಡ. 'ಯೇಸು ಇರಲೇ ಇಲ್ಲ' ಎನ್ನುವವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ವಚನ ಇಲ್ಲ. ಇಲ್ಲದವನಿಗೆ ತಮ್ಮ ಎಲ್ಲಿಂದ ಬರಬೇಕು? (ಕಥೋಲಿಕ ನೆರೆಯವರು 'ತಮ್ಮ' ಎಂದರೆ ಹತ್ತಿರದ ಬಂಧು ಎನ್ನುತ್ತಾರೆ. ಆ ವಾದ ಬೇರೆ.) ಯೆಹೂದಿ ಇತಿಹಾಸಕಾರ ಜೋಸೆಫಸ್ ಸುಮಾರು 93ರಲ್ಲಿ ಇದೇ ಯಾಕೋಬನ ಸಾವನ್ನು ಬರೆದಿದ್ದಾನೆ. ರೋಮಿನ ಟ್ಯಾಸಿಟಸ್ ಸುಮಾರು 116ರಲ್ಲಿ, ಕ್ರಿಸ್ತನಿಗೆ ರೋಮನ್ ಅಧಿಪತಿ ಪಿಲಾತನ ಕಾಲದಲ್ಲಿ ಮರಣದಂಡನೆ ಆಯಿತು ಎಂದು ಬರೆದ. ಅವನಿಗೆ ಕ್ರೈಸ್ತರ ಮೇಲೆ ಸ್ವಲ್ಪವೂ ಪ್ರೀತಿ ಇರಲಿಲ್ಲ. ಹಾಗೆಯೇ ಒಂದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು: ಜೋಸೆಫಸನ ಪುಸ್ತಕದಲ್ಲಿ ಯೇಸುವನ್ನು ಹೊಗಳುವ ಇನ್ನೊಂದು ಭಾಗಕ್ಕೆ ಮುಂದೆ ಅದನ್ನು ನಕಲು ಮಾಡಿದ ಕ್ರೈಸ್ತರ ಕೈ ಸೇರಿದೆ. ಅದನ್ನು ಹಾಗೇ ಎತ್ತಿ ಸಾಕ್ಷಿಗೆ ಕೊಡಬೇಡಿ.

ವಿಡಿಯೋ ಬಂದಾಗ

ಯಾವ ಪ್ರಶ್ನೆಯ ಬಗ್ಗೆ ಮಾತು ಎಂದು ಮೊದಲು ಕೇಳಿಕೊಳ್ಳಿ. ಏನು ನಡೆಯಿತು? ಯಾರು, ಯಾವಾಗ ಬರೆದರು? ಅದರ ಅರ್ಥ ಏನು? ಈ ಮೂರನ್ನು ಕಲಸಿಬಿಟ್ಟರೆ ಜಗಳ ಮುಗಿಯುವುದೇ ಇಲ್ಲ.

ರಾಜ ಬೈಬಲ್ ಮಾಡಿಸಿದ ಎನ್ನುವುದು ಎರಡನೆಯ ಪ್ರಶ್ನೆ. ಉತ್ತರ ಸುಲಭ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯದಲ್ಲಿ ಬಿಷಪರ ಸಭೆ ಕರೆದದ್ದು ನಿಜ. ಅಲ್ಲಿ ದೊಡ್ಡ ಚರ್ಚೆ ಅರಿಯಸ್ ಎನ್ನುವವನು ಎತ್ತಿದ ಮಾತಿನ ಬಗ್ಗೆ: ಮಗನು ತಂದೆಗೆ ಸಮಾನನೋ, ಸೃಷ್ಟಿಯಾದವನೋ? ಪುಸ್ತಕಗಳ ಪಟ್ಟಿ ಅಲ್ಲಿ ತೀರ್ಮಾನ ಆಗಲಿಲ್ಲ. ಈಗಿನ 27 ಪುಸ್ತಕಗಳ ಪಟ್ಟಿ ಹೀಗೇ ಸಿಗುವುದು 367ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಬರೆದ ಈಸ್ಟರ್ ಪತ್ರದಲ್ಲಿ. ನಾಲ್ಕು ಸುವಾರ್ತೆಗಳಂತೂ ಅದಕ್ಕಿಂತ ಬಹಳ ಮುಂಚೆಯೇ ಸಭೆಗಳಲ್ಲಿ ಓದಿಕೆಯಲ್ಲಿದ್ದವು.

ಯೇಸು ಕಾಶ್ಮೀರಕ್ಕೆ, ಲಡಾಖಿಗೆ ಬಂದಿದ್ದರು ಎನ್ನುವುದು ನಮ್ಮ ಕಡೆ ಜಾಸ್ತಿ ಓಡಾಡುತ್ತದೆ. ಲಡಾಖಿನ ಕಥೆ 1894ರಲ್ಲಿ ನೊಟೊವಿಚ್ ಎನ್ನುವ ರಷ್ಯನ್ ಪ್ರವಾಸಿ ಬರೆದದ್ದು. ಹೆಮಿಸ್ ಮಠದಲ್ಲಿ ಹಳೆಯ ಗ್ರಂಥ ನೋಡಿದೆ ಎಂದ. ಮರುವರ್ಷವೇ ಆಗ್ರಾದ ಕಾಲೇಜಿನ ಅಧ್ಯಾಪಕ ಡಗ್ಲಾಸ್ ಹೆಮಿಸ್‌ಗೆ ಹೋಗಿ ಮಠದ ಮುಖ್ಯ ಲಾಮಾರನ್ನೇ ಕೇಳಿದರು. ಅಂಥ ಗ್ರಂಥ ಇಲ್ಲ ಎಂದರು. ಒಂದು ಮಾತು ಕೇಳಿದಾಗ ಡಗ್ಲಾಸರ ಹಾಗೆ ಮೂಲದ ಬಾಗಿಲು ತಟ್ಟಬೇಕು.

ಈ ಪ್ರಶ್ನೆಗಳು ನಿನ್ನೆ ಮೊನ್ನೆಯವಲ್ಲ. 1835ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ 27 ವರ್ಷದ ಡೇವಿಡ್ ಸ್ಟ್ರೌಸ್ ಯೇಸುವಿನ ಜೀವನದ ಬಗ್ಗೆ ಪುಸ್ತಕ ಬರೆದು, ಸುವಾರ್ತೆಯ ಅದ್ಭುತಗಳು ನಂಬಿದವರ ಮನಸ್ಸಿನಲ್ಲಿ ಬೆಳೆದ ಪುರಾಣ ಎಂದ. ಕೆಲಸ ಹೋಯಿತು. ಅದೇ ಟ್ಯೂಬಿಂಗನ್‌ನಲ್ಲಿ ಓದಿದ ಹರ್ಮನ್ ಮೋಗ್ಲಿಂಗ್ ಮರುವರ್ಷ ಮಿಷನರಿಯಾಗಿ ಮಂಗಳೂರಿಗೆ ಬಂದರು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಶುರುಮಾಡಿದವರು ಅವರೇ. ಮಲಯಾಳ ನಿಘಂಟು ಮಾಡಿದ ಗುಂಡರ್ಟ್ ಅಂತೂ ಸ್ಟ್ರೌಸನ ಪಾಠ ಕೇಳಿದವರು. ಇದು ತಿಳಿದಾಗ ನಾನು ತುಂಬ ಹೊತ್ತು ಸುಮ್ಮನೆ ಕೂತೆ. ನಮ್ಮ ಹಿರಿಯರಿಗೆ ಸುವಾರ್ತೆ ಹೇಳಿದವರು ಈ ವಾದ ನಡೆಯುತ್ತಿದ್ದ ಊರಿನಿಂದಲೇ ಬಂದಿದ್ದರು.

ಬೀಜ ಹಾಕಿ ನೋಡಿ

1985ರಲ್ಲಿ ಅಮೆರಿಕದ ಬೈಬಲ್ ವಿದ್ವಾಂಸ ರಾಬರ್ಟ್ ಫಂಕ್ 'ಜೀಸಸ್ ಸೆಮಿನಾರ್' ಎಂಬ ಗುಂಪು ಕಟ್ಟಿದರು. ಯೇಸು ಹೇಳಿದ ಒಂದೊಂದು ಮಾತಿಗೂ ಬಣ್ಣದ ಮಣಿ ಹಾಕಿ ಓಟು ಮಾಡಿದರು: ಖಂಡಿತ ಹೇಳಿದ್ದು ಕೆಂಪು, ಹೇಳಿರಬಹುದು ಗುಲಾಬಿ, ಸಂದೇಹ ಬೂದು, ಹೇಳಿಲ್ಲ ಕಪ್ಪು. ಕೆಂಪು, ಗುಲಾಬಿ ಸೇರಿ 18% ಮಾತುಗಳಷ್ಟೇ ಉಳಿದವು. ಅನೇಕ ವಿದ್ವಾಂಸರು ಇದನ್ನು ಒಪ್ಪಲಿಲ್ಲ.

ಇದನ್ನು ನಾವೂ ಮಾಡಿದೆವು. ಹೌದು ಎಂದರೆ ಚೆನ್ನೆಮಣೆಯ ಕೆಂಪು ಮಂಜೊಟ್ಟಿ, ಇಲ್ಲ ಎಂದರೆ ಹುಣಸೆ ಬೀಜ. 'ವೈರಿಗಳನ್ನು ಪ್ರೀತಿಸಿರಿ' ಎನ್ನುವುದಕ್ಕೆ ಎಲ್ಲ ಮಂಜೊಟ್ಟಿ ಬಿತ್ತು. ಮತ್ತಾಯ 27:25ಕ್ಕೆ ಬಂದಾಗ ಗುಂಪು ಇಬ್ಭಾಗ ಆಯಿತು. 'ಅವನ ರಕ್ತ ನಮ್ಮ ಮೇಲೆ, ನಮ್ಮ ಮಕ್ಕಳ ಮೇಲೆ' ಎಂದು ಜನ ಕೂಗುವ ವಚನ ಅದು. ಈ ಒಂದು ಸಾಲು ಹಿಡಿದು ಯೂರೋಪಿನಲ್ಲಿ ಶತಮಾನಗಟ್ಟಲೆ ಯೆಹೂದ್ಯರನ್ನು ಹಿಂಸಿಸಿದರು. ಯೇಸುವಿನ ಸಾವಿನ ತಪ್ಪನ್ನು ಇಡೀ ಯೆಹೂದ್ಯ ಜನರ ಮೇಲೆ ಹೊರಿಸಬಾರದು ಎಂದು ಕಥೋಲಿಕ ಸಭೆ 1965ರಲ್ಲಿ ಘೋಷಿಸಿತು. ಈ ವಚನದಲ್ಲಿ ಅವಸರ ಮಾಡಬೇಡಿ, ಪೂರ್ತಿ ಒಂದು ಸಂಜೆ ಕೊಡಿ. ಯೇಸು ಯೆಹೂದ್ಯ. ಅವರ ತಾಯಿ, ಶಿಷ್ಯರು, ಪೌಲ ಎಲ್ಲರೂ ಯೆಹೂದ್ಯರು. ಇದನ್ನು ಮರೆತು ಓದಿದರೆ ಓದು ಕೆಟ್ಟದಾರಿ ಹಿಡಿಯುತ್ತದೆ.

ಬೀಜದ ಆಟದಿಂದ ಸತ್ಯ ತೀರ್ಮಾನ ಆಗುವುದಿಲ್ಲ. ಆದರೆ ನೀವು ಯಾಕೆ ಆ ಬೀಜ ಹಾಕಿದಿರಿ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ನನಗೆ ಬೇಕಾಗಿದ್ದದ್ದು ಅದೇ.

ಕೊನೆಗೆ ಒಂದು ಪದ

ಮೂರನೆಯ ಪ್ರಶ್ನೆ, ಅರ್ಥದ್ದು, ಎಲ್ಲಕ್ಕಿಂತ ಕಷ್ಟ. ಅದಕ್ಕೆ ನಾನು ಒಂದೇ ಪದ ಹಿಡಿದುಕೊಳ್ಳುತ್ತೇನೆ: ನಂಬಿಕೆ. ಮನುಷ್ಯ ದೇವರ ಮುಂದೆ ನೀತಿವಂತ ಎನಿಸುವುದು ಯಾವುದರಿಂದ ಎಂದು ಹೇಳುವ ಗಲಾತ್ಯ 2:16ರಲ್ಲಿ ಗ್ರೀಕಿನ 'ಪಿಸ್ಟಿಸ್' ಎನ್ನುವ ಪದ ಇದೆ. 'ಕ್ರಿಸ್ತನ ಪಿಸ್ಟಿಸ್' ಎಂದು ಅಕ್ಷರಶಃ ಅಲ್ಲಿರುವುದು. ನಾವು ಕ್ರಿಸ್ತನ ಮೇಲೆ ಇಡುವ ನಂಬಿಕೆಯೇ? ಅಥವಾ ಕ್ರಿಸ್ತನೇ ಕೊನೆಯವರೆಗೆ ನಂಬಿಗಸ್ತನಾಗಿ ಉಳಿದದ್ದೇ? 1983ರಲ್ಲಿ ಅಮೆರಿಕದ ವಿದ್ವಾಂಸ ರಿಚರ್ಡ್ ಹೇಸ್ ಎರಡನೆಯ ಅರ್ಥದ ಪರವಾಗಿ ಬರೆದ ಮೇಲೆ ಈ ವಾದ ಬಿಸಿಯಾಯಿತು, ಇನ್ನೂ ಆರಿಲ್ಲ.

ಇದನ್ನು ತಿಳಿಯಲು ಕನ್ನಡದವರು ಜಾಸ್ತಿ ಕಷ್ಟಪಡಬೇಕಿಲ್ಲ. ನಮ್ಮ 'ನಂಬು' ಎನ್ನುವ ಒಂದೇ ಬೇರಿನಿಂದ ಎರಡೂ ಬಂದಿವೆ. ನಂಬಿಕೆ ಇಡುವವನೂ ಇದ್ದಾನೆ, ನಂಬಿಕಸ್ಥನೂ ಇದ್ದಾನೆ. 'ನಂಬಿಗಸ್ತನಾದ ಆಳು' ಎಂದು ಸತ್ಯವೇದದಲ್ಲೇ ಓದಿದ್ದೇವೆ. ಆ ವಚನವನ್ನು ಎರಡೂ ಅರ್ಥದಲ್ಲಿ ಒಂದೊಂದು ಸಲ ಗಟ್ಟಿಯಾಗಿ ಓದಿ. ಒಂದರಲ್ಲಿ ಭಾರ ನನ್ನ ಮೇಲಿದೆ. ಇನ್ನೊಂದರಲ್ಲಿ ಭಾರ ಅವರು ಹೊತ್ತಿದ್ದಾರೆ. ನನ್ನ ಮನಸ್ಸು ಎರಡನೆಯದರ ಕಡೆ ವಾಲುತ್ತದೆ. ನಮ್ಮ ಗುಂಪಿನಲ್ಲಿ ಒಪ್ಪದವರೂ ಇದ್ದಾರೆ, ಅವರು ಪ್ರತಿ ಶನಿವಾರ ತಪ್ಪದೆ ಬರುತ್ತಾರೆ.

ತಂಗಿ ಮಗಳು ರಜೆಗೆ ಬಂದಾಗ ಜಗಲಿಯಲ್ಲಿ ನಮ್ಮ ಜೊತೆ ಕೂತಳು. ಇಡೀ ಸಂಜೆ ಮಾತಾಡಲಿಲ್ಲ. ಹಸಿರು ಪೆನ್ಸಿಲ್ ಹಿಡಿದು ಪುಟ ತಿರುವುತ್ತಿದ್ದಳು. ಎಲ್ಲರೂ ಏಳುವಾಗ ಹೇಳಿದಳು: "ದೊಡ್ಡಮ್ಮ, ರೋಮಾಪುರ 3:22ರಲ್ಲೂ ಇದೇ ಮಾತು ಇದೆ. ಮುಂದಿನ ವಾರ ಅದನ್ನು ನೋಡೋಣ."