ಕಲ್ಲಚ್ಚಿಗೆ ಮೊಳೆ ಎಲ್ಲಿಂದ ಬಂತು?

ವಾರಪತ್ರಿಕೆಯೊಂದಕ್ಕೆ ಹೊಸ ಪುಸ್ತಕಗಳ ಬಗ್ಗೆ ಬರೆಯತೊಡಗಿ ಒಂಬತ್ತು ವರ್ಷವಾಯಿತು. ಉಡುಪಿಯ ನಮ್ಮ ಮನೆಗೆ ತಿಂಗಳಿಗೆ ಹತ್ತು ಹನ್ನೆರಡು ಪುಸ್ತಕ ಅಂಚೆಯಲ್ಲಿ ಬರುತ್ತವೆ. ಆಟಿಯ ಮಳೆಗೆ ಬೂಸ್ಟು ಹಿಡಿಯುವ ಮೊದಲೇ ಓದಿ ಮುಗಿಸಬೇಕು. ಒಂದೊಂದಕ್ಕೂ ಇನ್ನೂರೈವತ್ತು ಪದಗಳ ಜಾಗ. ಮೊದಮೊದಲು ಮುನ್ನುಡಿ, ಬೆನ್ನುಡಿ, ನಡುವಿನ ಎರಡು ಅಧ್ಯಾಯ ಓದಿ, ಕೊನೆಗೆ ‘ಸಂಗ್ರಹಯೋಗ್ಯ ಕೃತಿ’ ಎಂದು ಬರೆದು ಕಳುಹಿಸುತ್ತಿದ್ದೆ.

ಕವನ ಸಂಕಲನವಾದರೆ ಈಗ ಮುನ್ನುಡಿಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅದು ಮದುವೆಮನೆಯ ಹಾರೈಕೆಯಂತೆ, ಯಾರಿಗಾದರೂ ಒಪ್ಪುತ್ತದೆ. ಕವಿತೆಗಳನ್ನು ಅಡುಗೆಮನೆಗೂ ಕೇಳಿಸುವಷ್ಟು ಗಟ್ಟಿಯಾಗಿ ಓದುತ್ತೇನೆ. ಪುಟದ ಮೇಲೆ ಕವಿತೆಯಂತೆ ಕಂಡ ತುಂಡು ಸಾಲುಗಳು ಬಾಯಿಗೆ ಬಂದ ಕೂಡಲೇ ವರದಿಯಾಗಿಬಿಡುವುದುಂಟು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಪ್ರಾಸ ಬಿಟ್ಟರು, ನಿಜ, ಲಯವನ್ನು ಬಿಡಲಿಲ್ಲ. ಇಲ್ಲಿನ ಹಲವು ಕವಿಗಳ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಅದರ ಉಸಿರು ಕನ್ನಡದ ಸಾಲಿನಲ್ಲಿ ಕೇಳಿಸಿದರೆ ನನ್ನ ನಾಲ್ಕು ಮಾತು ಕಡಿಮೆ ಮಾಡಿ ಆ ಸಾಲನ್ನೇ ಇಡಿಯಾಗಿ ಕೊಡುತ್ತೇನೆ.

ವ್ಯಕ್ತಿತ್ವ ವಿಕಸನದ ಪುಸ್ತಕವನ್ನು ಒಂದು ವಾರ ಮಾಡಿ ನೋಡದೆ ಬರೆಯುವುದಿಲ್ಲ. ಬೆಳಗ್ಗೆ ನಾಲ್ಕೂವರೆಗೆ ಏಳಿ ಎಂದದ್ದನ್ನು ಪಾಲಿಸಿ, ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ನಿದ್ದೆ ಹೋಗಿ, ಇಳಿಯಬೇಕಾದ ಸುರತ್ಕಲ್ ದಾಟಿಸಿಕೊಂಡದ್ದೂ ಇದೆ. ಅದನ್ನೂ ಬರೆದೆ.

ನನಗೆ ಸರಿಯಾಗಿ ಬುದ್ಧಿ ಬಂದದ್ದು ಕರಾವಳಿಯ ಚರಿತ್ರೆಯ ಪುಸ್ತಕವೊಂದರಿಂದ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದ ಇರುಳನ್ನು ಲೇಖಕರು ಕಣ್ಣಿಗೆ ಕಟ್ಟುವಂತೆ ಚಿತ್ರಿಸಿದ್ದರು: ಬಾಸೆಲ್ ಮಿಷನ್ ಮುದ್ರಣಾಲಯ, ಎಣ್ಣೆದೀಪ, ಒಂದೊಂದೇ ಅಚ್ಚುಮೊಳೆ ಹೆಕ್ಕಿ ಜೋಡಿಸುವ ಕೈಗಳು. ನಾನು ಆ ಪುಟವನ್ನೇ ಹೆಸರಿಸಿ ಹೊಗಳಿದೆ. ವಾರದೊಳಗೆ ಒಂದು ಕಾರ್ಡು ಬಂತು. ಬರೆದವರು ಜೀವಮಾನವಿಡೀ ಮೊಳೆ ಜೋಡಿಸಿ ನಿವೃತ್ತರಾದವರು. “ಸ್ವಾಮೀ, ಆ ಪತ್ರಿಕೆ ಕಲ್ಲಚ್ಚಿನದು. ಕಲ್ಲಚ್ಚಿಗೆ ಮೊಳೆ ಎಲ್ಲಿಂದ ಬಂತು?”

ನುಣುಪಾದ ಕಲ್ಲಿನ ಮೇಲೆ ಜಿಡ್ಡು ಮಸಿಯಲ್ಲಿ ಅಕ್ಷರ ಮೂಡಿಸಿ, ಕಲ್ಲನ್ನು ಒದ್ದೆ ಮಾಡಿ ಶಾಯಿ ಸವರಿದರೆ ಶಾಯಿ ಜಿಡ್ಡಿಗೆ ಮಾತ್ರ ಹತ್ತುತ್ತದೆ. ಕಾಗದ ಒತ್ತಿ ಪ್ರತಿ ತೆಗೆಯುತ್ತಾರೆ. ಮೊಳೆಯ ಪ್ರಶ್ನೆಯೇ ಇಲ್ಲ. ಹರ್ಮನ್ ಮ್ಯೋಗ್ಲಿಂಗ್ ಅವರ ಆ ಪತ್ರಿಕೆ ಕಲ್ಲಚ್ಚಿನದೆಂದು ನಾನೂ ಎಂದೋ ಓದಿದ್ದೆ. ಆದರೆ ವರ್ಣನೆ ಚೆನ್ನಾಗಿತ್ತು, ಮರೆತೆ.

ಅಂದಿನಿಂದ ಇಂಥ ಪುಸ್ತಕ ಬಂದರೆ ನನಗೆ ಚೆನ್ನಾಗಿ ಗೊತ್ತಿರುವ ಸಂಗತಿ ಅದರಲ್ಲಿ ಎಲ್ಲಿದೆ ಎಂದು ಹುಡುಕಿ ಮೊದಲು ಆ ಪುಟವನ್ನೇ ಓದುತ್ತೇನೆ. ಅಲ್ಲಿ ಕಾಲು ಜಾರಿದ್ದರೆ ಉಳಿದುದನ್ನು ಪೆನ್ಸಿಲ್ ಹಿಡಿದೇ ಓದುವುದು. ತೀರಾ ಸೊಗಸಾದ ವರ್ಣನೆ ಕಂಡರೆ ಈಗಲೂ ಸಣ್ಣ ಗುಮಾನಿ.

ಮುಂದಿನ ಸಂಚಿಕೆಯಲ್ಲಿ ತಪ್ಪೊಪ್ಪಿಗೆ ಪ್ರಕಟಿಸಿ ಲೇಖಕರಿಗೂ ಫೋನ್ ಮಾಡಿದೆ. ಅವರು ಬೇಸರಿಸಲಿಲ್ಲ. “ಎರಡನೇ ಮುದ್ರಣದಲ್ಲೂ ಆ ಪುಟ ಇರಲಿ ಸರ್,” ಎಂದರು. “ಪುಸ್ತಕದಲ್ಲೇ ಚೆನ್ನಾದ ಪುಟ ಎಂದು ನೀವೇ ಬರೆದಿದ್ದೀರಲ್ಲ. ಅದನ್ನು ಬೆನ್ನುಡಿಗೆ ಹಾಕಿಸಿಯೂ ಆಯಿತು.”