ಲೋಗೋ ಕಾಣ್ತಾ ಇದೆಯಾ? ಹಾಗಾದ್ರೆ ಪ್ಯಾನೆಲ್ ಬಿಚ್ಚಬೇಡಿ

ವಿಂಡೋಸ್ ಬದಲು ಲಿನಕ್ಸ್ ಹಾಕಿದ ಲ್ಯಾಪ್‌ಟಾಪಿನ ಸ್ಕ್ರೀನ್ ಕಪ್ಪಾಗಿದೆ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಒಂದೇ: ಯಾವಾಗ ಕಪ್ಪಾಗುತ್ತದೆ? ಆನ್ ಮಾಡಿದ ಕೂಡಲೇನಾ, ಲೋಗೋ ಬಂದ ಮೇಲೇನಾ, ಪಾಸ್‌ವರ್ಡ್ ಹಾಕಿದ ಮೇಲೇನಾ? ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ವಿಂಡೋಸ್ ಗಿರಾಕಿಗಳೇ ಜಾಸ್ತಿ. ಆದರೆ ಉಬುಂಟು, ಮಿಂಟ್‌ನಂಥ ಲಿನಕ್ಸ್ ಹಾಕಿಸಿಕೊಂಡ ಧಾರವಾಡದ ಹುಡುಗರು, ಗದಗಿನ ಪ್ರೆಸ್‌ನವರು ಕೂಡ ಬರುತ್ತಾರೆ.

ಲಗ್ನಪತ್ರಿಕೆ ಸೀಸನ್‌ನಲ್ಲಿ ಬೆಟಗೇರಿಯ ಪ್ರೆಸ್ ಮಾಲೀಕರೊಬ್ಬರು ಫೋನ್ ಮಾಡಿದ್ದರು. "ಸರ, ಪ್ಯಾನೆಲ್ ಹೋಗೇತಿ ಅಂದ್ರು ಇಲ್ಲೆ ಒಬ್ರು. ಹೊಸಾದು ಹಾಕಿಸಬೇಕಂತ."

"ಕಂಪನಿ ಲೋಗೋ ಬರ್ತದೇನ್ರಿ?"

"ಬರ್ತೈತ್ರಿ. ಆಮ್ಯಾಲೆ ಎಲ್ಲಾ ಕರ್ರಗ. ಮೂಲ್ಯಾಗ ಒಂದು ಗೆರಿ ಮಿಣಮಿಣ ಅಂತೈತಿ."

"ಮತ್ತ ಪ್ಯಾನೆಲ್ ಹೆಂಗ ಹೋಗ್ತದ? ತಗೊಂಡು ಬರ್ರಿ."

ಪ್ಯಾನೆಲ್ ಅಂದರೆ ಚಿತ್ರ ಮೂಡುವ ಸ್ಕ್ರೀನಿನ ಭಾಗ; ಅದೇ ಹೋಗಿದ್ದರೆ ಲೋಗೋನೂ ಕಾಣಬಾರದು. ಲೋಗೋ ತೋರಿಸುವುದು ಫರ್ಮ್‌ವೇರ್, ಅಂದರೆ ಮದರ್‌ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್. ಯಾವುದನ್ನು ಬೂಟ್ ಮಾಡಬೇಕು ಅಂತ ಕೇಳುವ ಗ್ರಬ್ ಮೆನು ಕೂಡ ಅದರ ಆಸರೆಯಲ್ಲೇ ಕಾಣುತ್ತದೆ. ಆಮೇಲೆ ಲಿನಕ್ಸಿನ ತಿರುಳಾದ ಕರ್ನಲ್ ಎದ್ದು, ಗ್ರಾಫಿಕ್ಸ್ ಚಿಪ್ ನಡೆಸುವ ಸಾಫ್ಟ್‌ವೇರ್, ಅಂದರೆ ಗ್ರಾಫಿಕ್ಸ್ ಡ್ರೈವರ್, ಸ್ಕ್ರೀನನ್ನು ತನ್ನ ಕೈಗೆ ತಗೊಳ್ಳುತ್ತದೆ. ಅಲ್ಲಿಯವರೆಗೆ ಚೆನ್ನಾಗಿದ್ದು ಅಲ್ಲಿಂದಾಚೆ ಕಪ್ಪಾದರೆ ಅನುಮಾನ ಡ್ರೈವರ್ ಮೇಲೆ. ಸ್ಕ್ರೂಡ್ರೈವರ್ ಹಿಡಿಯುವ ಕೆಲಸ ಇನ್ನೂ ಬಂದಿಲ್ಲ.

ಹಿಂದಿನ ದಿನ ಅಪ್‌ಡೇಟ್ ಮಾಡಿದ್ದು ನಿಜ ಅಂತ ಅವರೇ ಹೇಳಿದರು. ಹಾಗಾಗಿ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಅಪ್‌ಡೇಟ್‌ಗಿಂತ ಹಿಂದಿನ ಹಳೆ ಕರ್ನಲ್ ಆರಿಸಿದೆ. ಡೆಸ್ಕ್‌ಟಾಪ್ ಬಂತು, ಲಗ್ನಪತ್ರಿಕೆ ಫೈಲ್‌ಗಳೂ ಇದ್ದವು. ಅವರ ಮುಖ ನೋಡಬೇಕಿತ್ತು! ಮೊದಲು ಅವನ್ನು ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ.

ಆಮೇಲೆ ಹೊಸ ಕರ್ನಲ್‌ನಿಂದ ಮತ್ತೆ ಬೂಟ್ ಮಾಡಿ, ಆ ಕಪ್ಪು ಸ್ಕ್ರೀನ್ ಮೇಲೇ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದೆ. ಬರೀ ಅಕ್ಷರಗಳ ಟರ್ಮಿನಲ್ ಬಂತು. ಎಲ್‌ಎಸ್‌ಪಿಸಿಐ ಕಮಾಂಡ್ ಕೆ ಆಪ್ಷನ್ ಜೊತೆ ಓಡಿಸಿದರೆ ಯಾವ ಚಿಪ್‌ಗೆ ಯಾವ ಡ್ರೈವರ್ ಅಂತ ತೋರಿಸುತ್ತದೆ. ಇಂಟೆಲ್ ಚಿಪ್‌ಗೆ ಡ್ರೈವರ್ ಇತ್ತು. ಎನ್ವಿಡಿಯಾ ಚಿಪ್ ಕೆಳಗೆ 'ಡ್ರೈವರ್ ಇನ್ ಯೂಸ್' ಅನ್ನುವ ಸಾಲೇ ಇಲ್ಲ. ಆ ಲ್ಯಾಪ್‌ಟಾಪಿನಲ್ಲಿ ಎಲ್ಲ ಕೆಲಸ ಎನ್ವಿಡಿಯಾ ಮೇಲೇ ನಡೆಯುವ ಹಾಗೆ ಸೆಟ್ ಮಾಡಿಟ್ಟಿದ್ದರು.

ಕಾರಣ ಸಣ್ಣದು. ಎನ್ವಿಡಿಯಾ ಡ್ರೈವರಿನ ಮಾಡ್ಯೂಲ್, ಅಂದರೆ ಕರ್ನಲ್‌ಗೆ ಸೇರಿಕೊಳ್ಳುವ ತುಂಡು, ಪ್ರತಿ ಕರ್ನಲ್‌ಗೂ ಬೇರೆಯಾಗಿ ಕಟ್ಟಬೇಕು. ಆ ಕೆಲಸವನ್ನು ಡಿಕೆಎಂಎಸ್ ಅನ್ನುವ ಪ್ರೋಗ್ರಾಂ ತಾನೇ ಮಾಡುತ್ತದೆ, ಆದರೆ ಅದಕ್ಕೆ ಆ ಕರ್ನಲ್‌ನ ಹೆಡರ್ ಫೈಲ್‌ಗಳು ಬೇಕು. ಇಲ್ಲಿ ಹೊಸ ಕರ್ನಲ್ ಬಂದಿತ್ತು, ಹೆಡರ್ ಬಂದಿರಲಿಲ್ಲ. ಡಿಕೆಎಂಎಸ್ ಸ್ಟೇಟಸ್ ನೋಡಿದರೆ ಹಳೆ ಕರ್ನಲ್ ಹೆಸರು ಮಾತ್ರ ಇತ್ತು. ಲಿನಕ್ಸ್ ಹೆಡರ್ಸ್ ಜೆನೆರಿಕ್ ಪ್ಯಾಕೇಜ್ ಹಾಕಿದೆ, ಮಾಡ್ಯೂಲ್ ತಾನೇ ಕಟ್ಟಿಕೊಂಡಿತು, ರೀಬೂಟ್, ಅಷ್ಟೇ. ಆ ಜೆನೆರಿಕ್ ಪ್ಯಾಕೇಜ್ ಇದ್ದರೆ ಮುಂದಿನ ಅಪ್‌ಡೇಟ್‌ಗಳಲ್ಲಿ ಹೆಡರ್ ಜೊತೆಗೇ ಬರುತ್ತದೆ.

ಮಾಡ್ಯೂಲ್ ಸರಿಯಾಗಿ ಕಟ್ಟಿಕೊಂಡರೂ ಲೋಡ್ ಆಗದೆ ಇರುವುದು ಇನ್ನೊಂದು ತಲೆನೋವು. ಅಲ್ಲಿ ಸಾಮಾನ್ಯವಾಗಿ ಅಡ್ಡ ನಿಲ್ಲುವುದು ಸೆಕ್ಯೂರ್ ಬೂಟ್, ನಂಬಿಕೆಯ ಸಹಿ ಇಲ್ಲದ ಮಾಡ್ಯೂಲನ್ನು ಒಳಗೆ ಬಿಡದ ಕಾವಲು. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಬೂಟ್ ಆದಾಗ ನೀಲಿ ಸ್ಕ್ರೀನ್ ಬಂದು ಕೆಲವು ಸೆಕೆಂಡು ಕಾಯುತ್ತದೆ. ಅಲ್ಲಿ ಎನ್‌ರೋಲ್ ಮಾಕ್ (ಈ ಸಹಿಯ ಕೀಲಿಯನ್ನು ನಂಬು ಅಂತ ಹೇಳುವ ಆಯ್ಕೆ) ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಜನ ವಿಂಡೋಸಿನ ನೀಲಿ ಸ್ಕ್ರೀನ್ ಅಂದುಕೊಂಡು ಗಾಬರಿಯಾಗಿ ಆಫ್ ಮಾಡಿಬಿಡುತ್ತಾರೆ.

ಹೊಸದಾಗಿ ಇನ್‌ಸ್ಟಾಲ್ ಮಾಡುವಾಗಲೇ ಕಪ್ಪಾದರೆ ಹಳೆ ಕರ್ನಲ್ ಎಲ್ಲಿಂದ ಬರಬೇಕು? ಆಗ ಗ್ರಬ್‌ನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಅಂತ ಸೇರಿಸಿ ಎಫ್10 ಒತ್ತುತ್ತೇನೆ. ಡ್ರೈವರ್ ಸ್ಕ್ರೀನಿನ ತಂಟೆಗೆ ಬರುವುದಿಲ್ಲ, ಒರಟಾದರೂ ಚಿತ್ರ ಕಾಣುತ್ತದೆ. ಇದನ್ನೇ ಕಾಯಂ ಮಾಡಿಕೊಂಡವರನ್ನೂ ನೋಡಿದ್ದೇನೆ. ಇದು ಜ್ವರಕ್ಕೆ ತಣ್ಣೀರ ಪಟ್ಟಿ ಇಟ್ಟ ಹಾಗೆ. ಬ್ರೈಟ್‌ನೆಸ್ ಕೀ ಕೆಲಸ ಮಾಡಲ್ಲ, ಎರಡನೇ ಮಾನಿಟರ್ ಬರಲ್ಲ, ವಿಡಿಯೋ ಹಾಕಿದರೆ ಫ್ಯಾನ್ ಕೂಗುತ್ತದೆ. ಸರಿಯಾದ ಡ್ರೈವರ್ ಹಾಕಿಕೊಳ್ಳುವಷ್ಟು ಹೊತ್ತಿಗೆ ಮಾತ್ರ ಸಾಕು.

ಧಾರವಾಡದ ವಿದ್ಯಾರ್ಥಿಯೊಬ್ಬನ ಲ್ಯಾಪ್‌ಟಾಪ್‌ನದು ಬೇರೆ ಕಥೆ. ಬರೀ ಇಂಟೆಲ್ ಗ್ರಾಫಿಕ್ಸ್. ಪಿಡಿಎಫ್ ಓದುತ್ತಾ ಕೂತರೆ ಸ್ಕ್ರೀನ್ ಪಟಪಟ ಅನ್ನುತ್ತಿತ್ತು, ಮೌಸ್ ಅಲ್ಲಾಡಿಸಿದರೆ ನಿಲ್ಲುತ್ತಿತ್ತು. ಲಿನಕ್ಸ್ ಏಳುವ ಮೊದಲಿನ ಬಯಾಸ್ ಸೆಟಪ್‌ನಲ್ಲಿ ಐದು ನಿಮಿಷ ಹಾಗೇ ಬಿಟ್ಟೆ, ಒಂದು ಸಲವೂ ಮಿಟುಕಲಿಲ್ಲ. ಸ್ಕ್ರೀನಿನಲ್ಲಿ ಏನೂ ಬದಲಾಗದಿದ್ದಾಗ ಬ್ಯಾಟರಿ ಉಳಿಸಲು ಪ್ಯಾನೆಲ್ ತನ್ನಲ್ಲಿರುವ ಚಿತ್ರವನ್ನೇ ತೋರಿಸುತ್ತಾ ಇರುವ ಒಂದು ವ್ಯವಸ್ಥೆ ಇದೆ, ಪಿಎಸ್‌ಆರ್ ಅಂತ. ಕೆಲವು ಪ್ಯಾನೆಲ್‌ಗಳಿಗೆ ಅದು ಹೊಂದುವುದಿಲ್ಲ. ಇಂಟೆಲ್‌ನ ಐ915 ಡ್ರೈವರಿನ ಎನೇಬಲ್ ಪಿಎಸ್‌ಆರ್ ಅನ್ನು 0 ಮಾಡಿ, ಗ್ರಬ್ ಫೈಲಿನಲ್ಲಿ ಬರೆದು, ಅಪ್‌ಡೇಟ್ ಗ್ರಬ್ ಕೊಟ್ಟೆ. ನಿಂತಿತು. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು ಅಂತ ಮೊದಲೇ ಹೇಳಿದ್ದೆ.

ಎಲ್ಲದಕ್ಕೂ ಡ್ರೈವರ್ ಕಾರಣ ಅಂತ ನಾನು ವಾದ ಮಾಡಲ್ಲ. ಹಾವೇರಿಯಿಂದ ಬಂದ ಒಂದು ಲ್ಯಾಪ್‌ಟಾಪಿನಲ್ಲಿ ಲೋಗೋನೂ ಇಲ್ಲ, ಬಯಾಸೂ ಇಲ್ಲ. ಹೊರಗಿನ ಮಾನಿಟರ್ ಹಾಕಿದರೆ ಉಬುಂಟು ಚೆನ್ನಾಗಿ ಓಡುತ್ತಿತ್ತು. ಕೋಣೆಯ ಲೈಟ್ ಆರಿಸಿ ಸ್ಕ್ರೀನಿಗೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದಾಗ ಲೋಗೋ ಮಸುಕಾಗಿ ಕಂಡಿತು. ಚಿತ್ರ ಇದೆ, ಹಿಂದಿನ ಬೆಳಕಿಲ್ಲ. ಕೇಬಲ್ ಬದಲಿಸಿ ನೋಡಿದೆ, ಅದೇ ಹಾಡು. ಅವರಿಗೆ ಮಾತ್ರ ಪ್ಯಾನೆಲ್ಲೇ ಹಾಕಿಸಬೇಕಾಯಿತು.